ನಂಬರು: ಇಲ್ಲ

ರೊಸಾರಿಯೊದ ರೈಲು ಹಳಿಯಾಚೆ ನಮ್ಮಪ್ಪನ ಪಂಚರ್ ಅಂಗಡಿ.
ಮಗ್ಗಿಗಿಂತ ಮೊದಲು ನನಗೆ ಬಾಯಿಗೆ ಬಂದದ್ದು ಇಂಜಿನ್ನುಗಳ ದನಿ.
ರಸ್ತೆಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಹೇಳುತ್ತಿದ್ದೆ:
ಅದು ಸಿತ್ರೋಯೆನ್, ತಗಡಿನ ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದ ಹಾಗೆ;
ಅದು ಪೇಜೋ, ಊಟವಾದ ಪಾದ್ರಿಯ ನಡಿಗೆ;
ಇದು ಫಿಯೆಟ್ ಆರುನೂರು, ಮೂಗು ಕಟ್ಟಿದೆ ಪಾಪ,
ಕಾರ್ಬ್ಯುರೇಟರ್ ತೊಳೆಯಬೇಕು.
ಬುರುಡೆಯಲ್ಲಿ ಮಾಟೆ ಹೀರುತ್ತ ಕೂತ ಲಾರಿಯವರು
ಪಂತ ಕಟ್ಟಿ ಸೋತು, ನನ್ನ ಅಂಗೈಗೆ ನಾಣ್ಯ ಹಾಕುತ್ತಿದ್ದರು.

ಆ ದುಡ್ಡಲ್ಲಿ ಕೊಂಡದ್ದು ಒಂದು ನೋಟುಬುಕ್ಕು.
ಗೆರೆ ಎಳೆದು ಐದು ಕಾಲಂ: ಹೊತ್ತು, ಬಣ್ಣ, ಕಂಪನಿ, ನಂಬರು, ಷರಾ.
‘ಎಸ್’ ಅಂದರೆ ನಮ್ಮ ಸಾಂತಾ ಫೆ. ‘ಎಕ್ಸ್’ ಬಂದರೆ ಕೊರ್ದೊಬಾದ ಧೂಳು.
ಷರಾದಲ್ಲಿ ಮೊದಮೊದಲು ಏನೂ ಇರಲಿಲ್ಲ.
ಆಮೇಲೆ: ಹಿಂದಿನ ಸೀಟಲ್ಲಿ ನಾಯಿ.
ಆಮೇಲೆ: ಹೆಂಗಸು ಗಂಡನ ಜತೆ ಮಾತಾಡುತ್ತಿಲ್ಲ,
ಕಿಟಕಿಯ ಜತೆ ಆಡುತ್ತಿದ್ದಾಳೆ.
ಅಪ್ಪ ಓದಿ ನಕ್ಕ:
ಕಾರು ಬರಿ ಅಂದರೆ ಸಂಸಾರ ಬರೀತೀಯಲ್ಲೇ!

ನನಗೆ ಒಂಬತ್ತು. ಚಳಿಗಾಲದ ಒಂದು ರಾತ್ರಿ
ಹಾಸಿಗೆಯಲ್ಲೇ ಗುರುತು ಹಿಡಿದೆ: ಫಾಲ್ಕನ್.
ಆರು ಸಿಲಿಂಡರು. ಒಂದಲ್ಲ, ಎರಡು.
ಇಂಜಿನ್ನು ಆರಿಸಲಿಲ್ಲ.
ಖುಷಿಯೇ ಆಗಿತ್ತು, ಸುಳ್ಳು ಹೇಳಲಾರೆ.
ಕಿಟಕಿಯ ಪಟ್ಟಿಸಂದಿಯಲ್ಲಿ ಇಣುಕಿದೆ. ಹಸಿರು.
ನನಗೆ ಸವೆದ ಸ್ಪಾರ್ಕ್ ಪ್ಲಗ್ಗು ಆಯ್ದು ತಂದುಕೊಡುತ್ತಿದ್ದ
ಎದುರುಮನೆ ಡೆಲ್ಫೀನಾಳ ಮಗ ಓರಾಸಿಯೊ,
ಮೈಮೇಲೆ ಅಂಗಿಯಿಲ್ಲದೆ,
ಹಿಂದಿನ ಸೀಟಿನಲ್ಲಿ ಇಬ್ಬರ ನಡುವೆ.
ಬೆಳಿಗ್ಗೆ ಎಂದಿನಂತೆ ತುಂಬಿಸಿದೆ.
ಹೊತ್ತು: ಎರಡೂ ಹತ್ತು. ಬಣ್ಣ: ಹಸಿರು. ಕಂಪನಿ: ಫೋರ್ಡ್.
ನಂಬರು: ಇಲ್ಲ.
ಷರಾ: ಒಂದೇ ಕಾಲಲ್ಲಿ ಚಪ್ಪಲಿ.

ಈ ಸಲ ಅಪ್ಪ ನಗಲಿಲ್ಲ.
ಶಟರು ಎಳೆದ. ಲಾರಿಯ ಹಳೇ ಟ್ಯೂಬು ಕೊಯ್ದು
ನೋಟುಬುಕ್ಕು ಒಳಗಿಟ್ಟ. ಉಜ್ಜಿದ, ಸೊಲ್ಯೂಷನ್ ಹಚ್ಚಿದ,
ಬಿಸಿ ತೇಪೆ ಒತ್ತಿ ಹಿಡಿದ. ಕೈ ನಡುಗಿ ತೇಪೆ ಸೊಟ್ಟ ಕೂತಿತು,
ಅವನ ಜೀವಮಾನದಲ್ಲಿ ಅದೊಂದೇ.
ಮೊಳೆಗೆ ನೇತುಹಾಕಿ ಅಂದ: ಇನ್ನು ಕಾರು ಎಣಿಸಬೇಡ.

ಏಳು ವರ್ಷ ಎಣಿಸಲಿಲ್ಲ.
ಸರ್ಕಾರ ಬದಲಾಯಿತು. ಡೆಲ್ಫೀನಾ ಬಂದು ಅಂಗಡಿ ಬಾಗಿಲಲ್ಲಿ ನಿಂತಳು.
ಅಪ್ಪ ಮಾತಿಲ್ಲದೆ ಟ್ಯೂಬು ಇಳಿಸಿ ಕತ್ತರಿಸಿದ:
ರಬ್ಬರಿನ ವಾಸನೆ, ಬಿಳೀ ಪುಡಿ, ನನ್ನ ದುಂಡನೆ ಅಕ್ಷರ.
ಕಚೇರಿಯ ಗುಮಾಸ್ತ ಟೈಪು ಮಾಡಿದ: ಹೊತ್ತು, ಬಣ್ಣ, ಕಂಪನಿ.
ಚಪ್ಪಲಿ ಎಲ್ಲಿ ಹಾಕಲಿ ಅಂತ ತಲೆಯೆತ್ತಿದ.
ಅವನ ನಮೂನೆಯಲ್ಲಿ ಷರಾ ಇರಲಿಲ್ಲ.
ಡೆಲ್ಫೀನಾ ಮಾತ್ರ ಕೇಳಿದಳು: ಎಡಗಾಲೋ, ಬಲಗಾಲೋ?
ನನಗೆ ನೆನಪಿರಲಿಲ್ಲ.

ಹೊಟ್ಟೆಪಾಡಿಗೆ ಕಾರಿನ ಪತ್ರಿಕೆ ಸೇರಿದೆ.
ಬ್ರೇಕು ಹೇಗೆ, ಲೀಟರಿಗೆ ಎಷ್ಟು, ಡಿಕ್ಕಿಯಲ್ಲಿ ಜಾಗವೆಷ್ಟು.
ಡಿಕ್ಕಿ ಅಳೆಯುವಾಗ ಮಾತ್ರ ಟೇಪು ಕೈಯಲ್ಲೇ ನಿಂತುಬಿಡುತ್ತಿತ್ತು.
ಸಂಪಾದಕ ಬೆರ್ಗಾಲ್ಲೊ ಕೆಂಪು ಪೆನ್ಸಿಲಲ್ಲಿ ಗೀಚಿದ:
‘ನಿನ್ನ ಕಾರಲ್ಲಿ ಜನ ಜಾಸ್ತಿ, ಇಳಿಸು.’
ಇಳಿಸಲಾಗಲಿಲ್ಲ. ನಾನೇ ಇಳಿದೆ.

ಈಗ ಆರು ಪುಸ್ತಕ.
ಮೂರರಲ್ಲಿ ಎಡಗಾಲು ಅಂದಿದ್ದೇನೆ, ಎರಡರಲ್ಲಿ ಬಲಗಾಲು.
ಒಂದರಲ್ಲಿ ಎರಡೂ ಚಪ್ಪಲಿ ತೊಡಿಸಿ ಅವನನ್ನು ನಡೆಸಿಕೊಂಡೇ ಮನೆಗೆ ಕಳಿಸಿದೆ.
ಡೆಲ್ಫೀನಾ ಅದನ್ನು ಓದಿ ವಾಪಸು ಕೊಟ್ಟಳು,
ಹಾಳೆಗಳ ನಡುವೆ ಒಂದು ಸ್ಪಾರ್ಕ್ ಪ್ಲಗ್ಗು.

ಈಚೆಗೆ ಕರೆಂಟಿನ ಕಾರುಗಳು ಬಂದಿವೆ.
ಪಕ್ಕದಲ್ಲೇ ಬಂದು ನಿಂತರೂ ಗೊತ್ತಾಗುವುದಿಲ್ಲ.
ಎಷ್ಟು ನಿಶ್ಶಬ್ದ ನೋಡಿ, ಅನ್ನುತ್ತಾರೆ ಎಲ್ಲರೂ.
ನಾನು ಬಾಗಿ ಮೊದಲು ನಂಬರು ನೋಡುತ್ತೇನೆ,
ಆಮೇಲೆ ಹಿಂದಿನ ಸೀಟು.